ನಲವತ್ತೆಂಟು ದಿನದ ಪಥ್ಯ

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನಾನು ಏಳು ವರ್ಷ ಕಾದೆ. ಏಳನೆಯ ವರ್ಷ ವಿಷ್ಣುಮೂರ್ತಿ ರಾಯರು ಅಳಿಯನ ಹೆಗಲ ಮೇಲೆ ಕೈ ಊರಿಕೊಂಡು, ಕುಂಟುತ್ತ, ತಾವಾಗಿಯೇ ನಾನಿದ್ದಲ್ಲಿಗೆ ಬಂದರು. ದೇವರಿದ್ದಾನೆ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ನನ್ನನ್ನು ಕೆಟ್ಟವನೆಂದುಕೊಳ್ಳುತ್ತೀರಿ. ಪೂರ್ತಿ ಕೇಳಿದ ಮೇಲೂ ಹಾಗೆಯೇ ಅಂದುಕೊಂಡರೆ ನನ್ನದೇನೂ ತಕರಾರಿಲ್ಲ.

ನಾನು ಬಾರ್ಕೂರಿನ ಕಡೆಯವನು, ಹೆಸರು ಕಮಲಾಕರ. ಮದರಾಸಿನಲ್ಲಿ ಆ ಹೆಸರು ಗೊತ್ತಿದ್ದವರು ಕಡಿಮೆ. ತ್ರಿಪ್ಲಿಕೇನಿನಲ್ಲಿ ವಿಷ್ಣುಮೂರ್ತಿ ರಾಯರ ಹೋಟೆಲಿನಲ್ಲಿ ಹನ್ನೊಂದು ವರ್ಷ ರುಬ್ಬುವ ಕೆಲಸ ಮಾಡಿದೆ. ಅಲ್ಲಿ ಎಲ್ಲರಿಗೂ ನಾನು ರುಬ್ಬುವ ಭಟ್ಟ. ಇಡ್ಲಿಗೆ ಉದ್ದು, ದೋಸೆಗೆ ಅಕ್ಕಿ, ಚಟ್ನಿಗೆ ಕಾಯಿ, ಸಾಂಬಾರಿಗೆ ಮಸಾಲೆ, ಎಲ್ಲವೂ ಈ ಎರಡು ಕೈಯಿಂದ. ಹಿಟ್ಟನ್ನು ಒಂದು ತೊಟ್ಟು ನೀರಿಗೆ ಬಿಟ್ಟು ನೋಡುತ್ತಿದ್ದೆ. ತೇಲಿದರೆ ಮಾತ್ರ ಕಲ್ಲಿನಿಂದ ಏಳುತ್ತಿದ್ದೆ, ಮುಳುಗಿದರೆ ಇನ್ನೂ ಅರ್ಧ ಗಂಟೆ ತಿರುಗಿಸುತ್ತಿದ್ದೆ. ಮೈಲಾಪುರದಿಂದ ಜನ ಟ್ರಾಮಿನಲ್ಲಿ ಬಂದು ಆ ಇಡ್ಲಿ ತಿಂದು, ಗಲ್ಲಾದಲ್ಲಿ ಕೂತ ರಾಯರನ್ನು ಹೊಗಳಿ ಹೋಗುತ್ತಿದ್ದರು.

ಹತ್ತನೆಯ ವರ್ಷಕ್ಕೆ ಬೆರಳ ಗಂಟುಗಳು ಊದಿದವು. ಬೆಳಿಗ್ಗೆ ಎದ್ದರೆ ಮುಷ್ಟಿ ಬಿಡಿಸಲು ಬರುತ್ತಿರಲಿಲ್ಲ. ನನ್ನ ಹೆಂಡತಿ ವಿಮಲಾ ಬಿಸಿನೀರಿನಲ್ಲಿ ಕೈ ಅದ್ದಿಸಿ, ಒಂದೊಂದೇ ಬೆರಳನ್ನು ಮೆಲ್ಲಗೆ ಬಿಡಿಸಿ, ಆಮೇಲೆ ಕೆಲಸಕ್ಕೆ ಕಳಿಸುತ್ತಿದ್ದಳು. ತೈಲ ಹಚ್ಚಿದೆ, ಲೇಹ್ಯ ತಿಂದೆ, ಧರ್ಮಾಸ್ಪತ್ರೆಯ ಬಿಳಿ ಮಾತ್ರೆ ನುಂಗಿದೆ. ಯಾವುದಕ್ಕೂ ಜಗ್ಗದ ನೋವು ಅದು. ಕೊನೆಗೆ ನಮ್ಮಲ್ಲಿ ದಿನಾ ಕಾಫಿಗೆ ಬರುತ್ತಿದ್ದ ರೈಲ್ವೆಯ ಭೋಜರಾಜ ಎನ್ನುವವರು ಜಾರ್ಜ್ ಟೌನಿನ ಒಂದು ಓಣಿಯ ವಿಳಾಸ ಕೊಟ್ಟರು. ಅಲ್ಲಿ ಚೀನಾದ ವೈದ್ಯರೊಬ್ಬರಿದ್ದಾರೆ, ಅವರ ಕಷಾಯ ಕುಡಿದು ತಮ್ಮ ತಾಯಿ ಈಗ ಮೆಟ್ಟಿಲು ಹತ್ತುತ್ತಾರೆ ಎಂದರು.

ಲಿಯಾಂಗ್ ವೈದ್ಯರನ್ನು ನಾನು ಕಂಡದ್ದು ಹೀಗೆ. ತೆಳ್ಳಗಿನ ಮನುಷ್ಯ. ಪಿನಾಂಗಿನಿಂದ ಹಡಗಿನಲ್ಲಿ ಬಂದವರು. ತಮಿಳನ್ನೂ ಅಲ್ಲಿಯೇ ಕಲಿತಿದ್ದರು. ಮಾತು ಮಾತ್ರ ತೀರಾ ಕಡಿಮೆ. ಗೋಡೆಯ ತುಂಬ ಸಣ್ಣ ಸಣ್ಣ ಮರದ ಸೆಳೆಖಾನೆಗಳು, ಒಂದೊಂದರಲ್ಲಿ ಒಂದೊಂದು ಬೇರು, ತೊಗಟೆ, ಕಡ್ಡಿ. ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಬಹಳ ಹೊತ್ತು ನಾಡಿ ನೋಡಿದರು, ನಾಲಿಗೆ ಚಾಚಿಸಿದರು, "ಒದ್ದೆ ಗಾಳಿ ಗಂಟಿನೊಳಗೆ ಸೇರಿದೆ" ಎಂದರು. ನಮ್ಮವರು ವಾತ ಅನ್ನುವುದನ್ನೇ ಅವರು ಹಾಗೆ ಹೇಳುತ್ತಿದ್ದರು. ಏಳು ಪೊಟ್ಟಣ ಕಟ್ಟಿ ಕೊಟ್ಟರು. ಮಣ್ಣಿನ ಪಾತ್ರೆಯಲ್ಲೇ ಕುದಿಸಬೇಕು, ಮೂರು ಬೋಗುಣಿ ನೀರು ಒಂದಕ್ಕೆ ಇಳಿಯಬೇಕು. ತಣ್ಣೀರು ಕುಡಿಯಬಾರದು. ಇಷ್ಟೇ.

ನಮ್ಮ ಬಾಡಿಗೆ ಕೋಣೆಯಲ್ಲಿ ಅದನ್ನು ಕುದಿಸಿದರೆ ಮನೆಯೊಡತಿ ಮೂಗು ಮುಚ್ಚಿಕೊಂಡು ಕೂಗಾಡುತ್ತಿದ್ದಳು. ಹಾಗಾಗಿ ಹೋಟೆಲಿನ ಅಡುಗೆಮನೆಯ ಕೊನೆಯ ಒಲೆಯಲ್ಲಿ, ಮಧ್ಯಾಹ್ನದ ಊಟ ಮುಗಿದು ಬೆಂಕಿ ಸುಮ್ಮನಿರುವಾಗ, ಕುದಿಸಿಕೊಳ್ಳತೊಡಗಿದೆ. ಎರಡು ತಿಂಗಳಿಗೆ ಮುಷ್ಟಿ ತಾನಾಗಿ ಬಿಚ್ಚಿತು. ವಿಮಲಾ ಆ ದಿನ ನನ್ನ ಕೈಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತಂಗಿಯ ಮದುವೆಗೆಂದು ಊರಿಗೆ ಹೋದಳು. ಅದೇ ಕೊನೆ, ಮತ್ತೆ ಅವಳು ಮದರಾಸಿಗೆ ಬರಲಿಲ್ಲ.

ಯಾಕೆ ಅನ್ನುವುದನ್ನೂ ಹೇಳುತ್ತೇನೆ. ಅವಳು ಹೋದ ವಾರವೇ ಒಂದು ಮಧ್ಯಾಹ್ನ ರಾಯರು ಅಡುಗೆಮನೆಗೆ ಬಂದರು. ಎಂದೂ ಆ ಹೊತ್ತಿನಲ್ಲಿ ಬಂದವರಲ್ಲ. ನೇರವಾಗಿ ನನ್ನ ಒಲೆಯ ಹತ್ತಿರ ಬಂದು, ಪಕ್ಕದಲ್ಲಿದ್ದ ಪೊಟ್ಟಣ ಬಿಚ್ಚಿ, ನೆಲದ ಮೇಲೆ ಸುರಿದರು. ಬೇರಿನ ಬಿಲ್ಲೆ, ಚಕ್ಕೆಯ ಕಡ್ಡಿ, ಅವುಗಳ ನಡುವೆ ಒಣಗಿ ಚಪ್ಪಟೆಯಾದ ಎರಡು ಎರೆಹುಳು.

"ಇದೆಂತ ಇದು?" ಎಂದರು.

"ಮದ್ದು ರಾಯರೇ. ಕೈನೋವಿಗೆ."

"ಹುಳ ಅಲ್ವಾ ಮಾರಾಯಾ ಇದು! ಹುಳ ಬೇಯಿಸ್ತಿದ್ದಿಯಾ ನೀನು, ನನ್ನ ಒಲೆಯಲ್ಲಿ? ದೇವರ ನೈವೇದ್ಯ ಆಗುವ ಅಡುಗೆಮನೆಯಲ್ಲಿ?"

ಹುಳುವಿದ್ದದ್ದು ನನಗೆ ಗೊತ್ತಿತ್ತೇ? ಗೊತ್ತಿತ್ತು. ಬೆರಳು ಬಿಡಿಸಲಾರದವನು ಮಡಿ ನೋಡುತ್ತ ಕೂರುವುದಿಲ್ಲ. ಆದರೆ ಆ ಮಣ್ಣಿನ ಪಾತ್ರೆ ಬೇರೆ, ಒಲೆ ಬೇರೆ, ಬೇರೆ ಪಾತ್ರೆಯನ್ನು ನಾನು ಮುಟ್ಟುವ ಮುಂಚೆ ಹಿತ್ತಲ ನಲ್ಲಿಗೆ ಹೋಗಿ ಕೈ ತೊಳೆದು ಬರುತ್ತಿದ್ದೆ. ಅದನ್ನು ಹೇಳಲು ಬಾಯಿ ತೆರೆದೆ. ಕೇಳುವವರು ಯಾರು? ಬಡಿಸುವವರು, ಪಾತ್ರೆ ತೊಳೆಯುವವರು, ಎಲ್ಲರನ್ನೂ ಕರೆಸಿ ಸಾಲಾಗಿ ನಿಲ್ಲಿಸಿದರು. ಗಿರಾಕಿಗಳೂ ಬಾಗಿಲಿಗೆ ಬಂದು ಇಣುಕಿದರು. ಪುರೋಹಿತರು ಬಂದರು. ಒಲೆ ಆರಿಸಿ, ಸೆಗಣಿ ಸಾರಿಸಿ, ಪಂಚಗವ್ಯ ಚಿಮುಕಿಸಿ, ಹೊಸ ಬೆಂಕಿ ಹಾಕಿದರು. ನನ್ನನ್ನು ಹಿತ್ತಲ ನಲ್ಲಿಯಲ್ಲಿ ತಲೆಗೆ ನೀರು ಹೊಯ್ದುಕೊಳ್ಳಲು ಹೇಳಿ, ಒದ್ದೆ ಪಂಚೆಯಲ್ಲೇ ಬೀದಿಗೆ ನಡೆಸಿದರು. ಎಂಥ ಆಚಾರವಂತರು ರಾಯರು ಎಂದು ಇಡೀ ತ್ರಿಪ್ಲಿಕೇನ್ ಕೊಂಡಾಡಿತು.

ಮದರಾಸಿನ ನಮ್ಮವರ ಒಂದು ಹೋಟೆಲಿನಲ್ಲೂ ನನಗೆ ಮತ್ತೆ ಕೆಲಸ ಸಿಗಲಿಲ್ಲ. ನಾನು ಹೋಗುವ ಮುಂಚೆ ನನ್ನ ಸುದ್ದಿ ಹೋಗಿರುತ್ತಿತ್ತು. ಊರಿಗೂ ಹೋಗಿತ್ತು. ಹುಳ ತಿನ್ನುವವನ ಮನೆಗೆ ಮಗಳನ್ನು ಕಳಿಸುವುದಿಲ್ಲ ಎಂದು ಮಾವ ಕಾಗದ ಬರೆದರು. ನಾನು ಬರೆದ ಒಂಬತ್ತು ಕಾಗದಗಳಿಗೂ ಉತ್ತರ ಬರಲಿಲ್ಲ. ಅವುಗಳನ್ನು ವಿಮಲಾಳ ಕೈಗೆ ಕೊಟ್ಟರೋ ಇಲ್ಲವೋ, ಇಂದಿಗೂ ನನಗೆ ತಿಳಿಯದು.

ಇನ್ನೊಂದು ಮಾತು ಆಮೇಲೆ ಗೊತ್ತಾಯಿತು. ನನ್ನನ್ನು ಹೊರಹಾಕಿದ ಎಂಟನೆಯ ದಿನ ಆ ಅಡುಗೆಮನೆಗೆ ಕೊಯಮತ್ತೂರಿನಿಂದ ಕರೆಂಟಿನ ರುಬ್ಬುವ ಯಂತ್ರ ಬಂತು. ಎಂಟು ದಿನದಲ್ಲಿ ಅಂಥ ಯಂತ್ರ ಬರುವುದಿಲ್ಲ. ತಿಂಗಳ ಮುಂಚೆಯೇ ಹೇಳಿಟ್ಟಿರಬೇಕು. ಹನ್ನೊಂದು ವರ್ಷ ದುಡಿದವನನ್ನು ಸುಮ್ಮಸುಮ್ಮನೆ ಹೋಗು ಎನ್ನಲು ಬಾಯಿ ಬರುವುದಿಲ್ಲವಲ್ಲ, ಅದಕ್ಕೆ ಹುಳು ಬೇಕಾಯಿತು. ಎರಡು ತಿಂಗಳು ಆ ಕಷಾಯದ ವಾಸನೆ ಗಲ್ಲಾದವರೆಗೂ ಹೋಗುತ್ತಿತ್ತು. ರಾಯರಿಗೆ ಮೂಗಿರಲಿಲ್ಲವೇ? ಇದು ತಿಳಿದ ದಿನ ಮರೀನಾದ ಮರಳಿನಲ್ಲಿ ಕೂತು ಒಂದು ಮಾತು ನಿಶ್ಚಯಿಸಿದೆ. ಈ ಮನುಷ್ಯನಿಗೆ ನನ್ನ ನೋವು ಉಣಿಸಬೇಕು. ಉಣಿಸಿದ ಮೇಲೆ, ಉಣಿಸಿದವನು ಯಾರೆಂದು ಹೆಸರು ಹೇಳಬೇಕು. ಹೆಸರು ಹೇಳದಿದ್ದರೆ ಅದು ಸೇಡಲ್ಲ.

ನನಗೆ ಅನ್ನ ಕೊಟ್ಟವರು ಲಿಯಾಂಗ್ ವೈದ್ಯರು. ಅವರಲ್ಲಿ ಗಟ್ಟಿ ಬೇರುಗಳನ್ನು ಪುಡಿ ಮಾಡುವ ಕಬ್ಬಿಣದ ದೋಣಿಯೊಂದಿತ್ತು. ಅದರೊಳಗೆ ಒಂದು ಚಕ್ರ, ಚಕ್ರದ ನಡುವೆ ಅಡ್ಡ ಕೋಲು. ಸ್ಟೂಲಿನ ಮೇಲೆ ಕೂತು ಎರಡು ಪಾದಗಳನ್ನು ಕೋಲಿನ ಮೇಲಿಟ್ಟು ಹಿಂದೆ ಮುಂದೆ ಉರುಳಿಸಬೇಕು. ಕೈ ಕೆಟ್ಟ ರುಬ್ಬುವವನಿಗೆ ಕಾಲಲ್ಲಿ ಅರೆಯುವ ಕೆಲಸ! ನಾನು ನಕ್ಕೆ, ಅವರು ನಗಲಿಲ್ಲ. ಬಂದವರ ಜೊತೆ ತಮಿಳಿನಲ್ಲಿ ಮಾತಾಡುವುದೂ, ಅವರ ನಾಲ್ಕು ಮಾತನ್ನು ಹತ್ತು ಮಾಡಿ ತಿಳಿಸಿ ಹೇಳುವುದೂ ನನ್ನ ಪಾಲಿಗೆ ಬಂತು. ಜುಟ್ಟು ತೆಗೆಸಿದೆ, ಮೀಸೆ ಬಿಟ್ಟೆ, ಪ್ಯಾಂಟು ತೊಟ್ಟೆ. ಕನ್ನಡ ಮಾತಾಡುವುದನ್ನೇ ಬಿಟ್ಟೆ.

ಅರುವತ್ತೆರಡರಲ್ಲಿ ಚೀನಾದ ಜೊತೆ ಯುದ್ಧವಾಯಿತು. ಅಂಗಡಿಯ ಬೋರ್ಡಿಗೆ ಯಾರೋ ಡಾಂಬರು ಬಳಿದರು. ವೈದ್ಯರು ವಾರಕ್ಕೊಮ್ಮೆ ಪೊಲೀಸ್ ಠಾಣೆಗೆ ಹೋಗಿ ಸಹಿ ಹಾಕಬೇಕು, ಕೇಳದೆ ಊರು ಬಿಡಬಾರದು, ಒಂದು ದೂರು ಬಂದರೂ ಈ ದೇಶದಲ್ಲಿ ಇರುವ ಹಾಗಿಲ್ಲ ಎಂದಾಯಿತು. ಅವರು ಮರುಮಾತಾಡದೆ ಪ್ರತಿ ಸೋಮವಾರ ಛತ್ರಿ ಹಿಡಿದು ಹೋಗಿ ಬರುತ್ತಿದ್ದರು. ಬೇರು ತೊಗಟೆ ಬರುವುದು ಕಡಿಮೆಯಾಯಿತು. ಆದರೂ ಮಂಡಿ ಹಿಡಿದವರು ಹಿಂಬಾಗಿಲಿನಿಂದ ಬರುವುದು ನಿಲ್ಲಲಿಲ್ಲ.

ವಿಷ್ಣುಮೂರ್ತಿ ರಾಯರೂ ಬಂದದ್ದು ಹಿಂಬಾಗಿಲಿನಿಂದಲೇ, ಅರುವತ್ತೈದರಲ್ಲಿ. ಎರಡು ಮಂಡಿಗಳೂ ಊದಿ ಗಡಿಗೆಯಾಗಿದ್ದವು. ಜೊತೆಗೆ ಅಳಿಯ ಬದರಿನಾಥ. ರಾಯರು ನನ್ನ ಮುಖ ನೋಡಿದರು. ನೋಡಿ, ತಮಿಳಿನಲ್ಲಿ "ತಂಬಿ, ವೈದ್ಯರು ಇದ್ದಾರಾ?" ಎಂದರು.

ಗುರುತೇ ಸಿಗಲಿಲ್ಲ. ನಾನು ಏಳು ವರ್ಷ ದಿನಾ ನೆನೆದ ಮುಖ ಅದು. ಅವರಿಗೆ ನಾನು ಒಬ್ಬ ತಂಬಿ.

ನಾಡಿ ನೋಡಿದ ಮೇಲೆ ಲಿಯಾಂಗ್ ವೈದ್ಯರು ಪೊಟ್ಟಣ ಕಟ್ಟಿದರು. ನನಗೆ ಕೊಟ್ಟಿದ್ದ ಕಷಾಯವೇ, ಎರಡು ಬೇರು ಹೆಚ್ಚಿಗೆ. ಆಚಾರವಂತರು ಬಂದರೆ ಹುಳುವನ್ನು ಬಿಟ್ಟು ಕಟ್ಟಲು ನಾನೇ ಅವರಿಗೆ ಹೇಳುವ ವಾಡಿಕೆಯಿತ್ತು. ಅವತ್ತು ಹೇಳಲಿಲ್ಲ. ಪುಡಿ ಮಾಡಿ ಕೊಡುತ್ತೇನೆ ಎಂದು ಪೊಟ್ಟಣಗಳನ್ನು ತೆಗೆದುಕೊಂಡು ಹೋಗಿ, ಎರೆಹುಳು ಸಮೇತ ಎಲ್ಲವನ್ನೂ ಕಬ್ಬಿಣದ ದೋಣಿಗೆ ಹಾಕಿ, ಪಾದದಲ್ಲಿ ನುಣ್ಣಗೆ ಅರೆದೆ. ಆಹಾ, ಅಷ್ಟು ನುಣ್ಣಗೆ ಉದ್ದಿನ ಹಿಟ್ಟನ್ನೂ ನಾನು ರುಬ್ಬಿರಲಿಲ್ಲ!

"ಇದರಲ್ಲಿ ಹುಳ ಗಿಳ ಏನೂ ಇಲ್ಲ ತಾನೇ ತಂಬಿ?" ಎಂದರು ರಾಯರು.

"ಬರೀ ಬೇರು ಅಯ್ಯಾ."

"ಪಥ್ಯ?"

ವೈದ್ಯರು ಹೇಳಿದ್ದು ತಣ್ಣೀರು ಬೇಡ ಎಂದಷ್ಟೇ. ಅದನ್ನು ಹೇಳಿದಾಗ ರಾಯರ ಮುಖ ಸಪ್ಪಗಾಯಿತು. ನಮ್ಮ ಜನ ಹಾಗೆಯೇ. ಪಥ್ಯ ಸುಲಭವಾದರೆ ಮದ್ದಿನ ಮೇಲೆ ನಂಬಿಕೆ ಬರುವುದಿಲ್ಲ. ವೈದ್ಯ ಬಾಯಿ ಕಟ್ಟಿದಷ್ಟೂ ಒಳ್ಳೆಯವನು. ಆ ಸಪ್ಪೆ ಮುಖ ನೋಡಿದ ಕ್ಷಣವೇ ನನಗೆ ದಾರಿ ತೆರೆಯಿತು. ಏಳು ವರ್ಷ ಹುಡುಕಿದ ದಾರಿಯನ್ನು ಅವರೇ ತೋರಿಸಿಕೊಟ್ಟರು.

"ಪಥ್ಯ ಕಠಿಣ ಅಯ್ಯಾ. ನಿಮ್ಮಿಂದ ಆಗಲಿಕ್ಕಿಲ್ಲ," ಎಂದೆ.

"ಹೇಳು, ಹೇಳು. ಆಗದೇ ಏನು?"

"ನಲವತ್ತೆಂಟು ದಿನ ಕಾಫಿ ಇಲ್ಲ. ಹುಳಿ ಇಲ್ಲ, ಕಾಯಿ ಇಲ್ಲ, ಎಣ್ಣೆ ಇಲ್ಲ. ಇಡ್ಲಿ ದೋಸೆ ಕಣ್ಣೆತ್ತಿ ನೋಡುವ ಹಾಗಿಲ್ಲ. ಉಪ್ಪು ಹಾಕದ ಗಂಜಿ, ಎರಡು ಹೊತ್ತು."

ರಾಯರು ಅಳಿಯನ ಕಡೆ ತಿರುಗಿ ಕನ್ನಡದಲ್ಲಿ, "ನೋಡಿದ್ಯಾ ಬದರೀ, ಇದು ಮದ್ದು ಅಂದ್ರೆ. ಆ ಇಂಗ್ಲಿಷ್ ಡಾಕ್ಟ್ರು ಎಲ್ಲ ತಿನ್ನಿ ಅಂತಾನೆ, ಅವನ ಮದ್ದು ಎಂತಕ್ಕುಂಟು?" ಎಂದರು. ನಾನು ಕನ್ನಡ ಬಾರದವನಂತೆ ಗೋಡೆ ನೋಡಿದೆ.

"ಇನ್ನೊಂದಿದೆ ಅಯ್ಯಾ," ಎಂದೆ. "ಗಂಟಿನೊಳಗಿನ ಗಾಳಿ ಹೊರಗೆ ಹೋಗಬೇಕಾದರೆ ಕೈಯಿಂದ ಎಳೆಯಬೇಕು. ದಿನಾ ಬೆಳಿಗ್ಗೆ ಆರಕ್ಕೆ ಇಲ್ಲಿಗೆ ಬಂದು, ಒಂದು ಪಡಿ ನೆನೆಸಿದ ಉದ್ದನ್ನು ಕಲ್ಲಿನಲ್ಲಿ ರುಬ್ಬಬೇಕು. ನಡುವೆ ನಿಲ್ಲಿಸಿದರೆ ಅವತ್ತಿನ ಮದ್ದು ವ್ಯರ್ಥ."

ಅವರು ನನ್ನ ಮುಖವನ್ನೇ ನೋಡಿದರು. ಈಗ ಗುರುತು ಹತ್ತಿತು ಅಂದುಕೊಂಡೆ. ಇಲ್ಲ. "ಬರ್ತೇನೆ," ಎಂದರು.

ಅಂಗಡಿಯ ಹಿಂದೆ ಬಾವಿಯಿರುವ ಒಂದು ಅಂಗಳವಿತ್ತು. ಮಹಡಿಯ ಮನೆಯವರ ರುಬ್ಬುಗಲ್ಲು ಅಲ್ಲಿಯೇ ಇತ್ತು. ಲಿಯಾಂಗ್ ವೈದ್ಯರು ಆ ಹೊತ್ತಿಗೆ ಹಾರ್ಬರಿನ ಕಡೆ ನಡೆಯಲು ಹೋಗುತ್ತಿದ್ದರು, ಎಂಟಕ್ಕೆ ಮುಂಚೆ ಬರುತ್ತಿರಲಿಲ್ಲ. ಮರುದಿನ ಆರಕ್ಕೆ ಸರಿಯಾಗಿ ರಾಯರ ಕಾರು ಓಣಿಯ ತುದಿಯಲ್ಲಿ ನಿಂತಿತು. ಅಷ್ಟು ಹೊತ್ತಿಗೇ ಬಂದರೆ ನಮ್ಮವರು ಯಾರೂ ನೋಡುವುದಿಲ್ಲ ಎಂದು ಅವರಿಗೂ ಅನುಕೂಲವೇ. ಜರಿ ಅಂಚಿನ ಶಲ್ಯವನ್ನು ತೆಗೆದು ಬಾವಿಕಟ್ಟೆಯ ಮೇಲಿಟ್ಟು, ಕಲ್ಲಿನ ಮುಂದೆ ಕಾಲು ಚಾಚಿ ಕೂತರು. ನಾನು ಸ್ಟೂಲಿನ ಮೇಲೆ ಕೂತು, ಕಬ್ಬಿಣದ ಚಕ್ರದ ಮೇಲೆ ಪಾದವಿಟ್ಟೆ.

"ಬಲಕ್ಕೆ ತಿರುಗಿಸಿ ಅಯ್ಯಾ. ಮೆಲ್ಲಗೆ. ಎಡಗೈಯಲ್ಲಿ ಹಿಟ್ಟನ್ನು ಒಳಕ್ಕೆ ತಳ್ಳಿ. ನಿಲ್ಲಿಸಬೇಡಿ."

ಹತ್ತು ಸುತ್ತಿಗೆ ಏದುಸಿರು ಬಂತು. ಇಪ್ಪತ್ತಕ್ಕೆ ಬೆವರು ಮೂಗಿನ ತುದಿಯಿಂದ ಹಿಟ್ಟಿಗೆ ಬಿತ್ತು. ಗುಂಡುಕಲ್ಲು ತಿರುಗುವ ಆ ಗರಗರ ಸದ್ದನ್ನು ಹನ್ನೊಂದು ವರ್ಷ ನಾನು ಕೇಳಿದ್ದೆ. ಬೇರೆಯವರು ತಿರುಗಿಸುವಾಗ ಅದು ಎಷ್ಟು ಇಂಪು ಅನ್ನುವುದು ಅವತ್ತೇ ಗೊತ್ತಾದದ್ದು. ಅರ್ಧ ಗಂಟೆಯಾದ ಮೇಲೆ "ಸಾಕಾ ತಂಬಿ?" ಎಂದರು. ನಾನು ಒಂದು ತೊಟ್ಟು ಹಿಟ್ಟನ್ನು ನೀರಿಗೆ ಬಿಟ್ಟೆ. ಮುಳುಗಿತು. "ಇನ್ನೂ ಬೇಕು," ಎಂದೆ.

ದಿನಾ ಹೀಗೆಯೇ. ಹಿಟ್ಟು ಮಹಡಿಯ ಮನೆಗೆ ಹೋಗುತ್ತಿತ್ತು. ಆ ಮನೆಯ ಹೆಂಗಸು ನನ್ನನ್ನು ಹರಸುತ್ತಿದ್ದಳು. ಇಪ್ಪತ್ತನೆಯ ದಿನದ ಹೊತ್ತಿಗೆ ರಾಯರ ಮಂಡಿಯ ಊತ ಇಳಿಯಿತು. ಲಿಯಾಂಗ್ ವೈದ್ಯರ ಕೈಗುಣ ಅದು, ನನ್ನ ಪಥ್ಯದ್ದಲ್ಲ. ಆದರೆ ರಾಯರು ಅದನ್ನೆಲ್ಲ ಕಲ್ಲಿನ ಲೆಕ್ಕಕ್ಕೇ ಹಾಕಿದರು. "ತಂಬಿ, ಇವತ್ತು ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂತೆ! ಮೂರು ವರ್ಷದ ಮೇಲೆ!" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಮರುದಿನ ಬಾಳೆಲೆಯಲ್ಲಿ ಕಾಶಿ ಹಲ್ವ ಕಟ್ಟಿಸಿ ತಂದುಕೊಟ್ಟರು. ನಾನು ಅದನ್ನು ಕಾಗೆಗೆ ಹಾಕಿದೆ. ನಿಜ ಹೇಳಬೇಕೆಂದರೆ, ಒಂದು ಚೂರು ತಿಂದು ಆಮೇಲೆ ಹಾಕಿದೆ.

ಅವರ ಕಣ್ಣೀರು ನೋಡಿ ನನಗೆ ಕನಿಕರ ಬರಲಿಲ್ಲವೇ ಎಂದು ಕೇಳಬಹುದು. ಬರಲಿಲ್ಲ. ನಾನು ನೋಡುತ್ತಿದ್ದದ್ದು ಅವರ ಬೆರಳುಗಳನ್ನು. ಇಪ್ಪತ್ತೈದನೆಯ ದಿನ ಬಲಗೈಯ ನಡುಬೆರಳ ಗಂಟು ಕೆಂಪಾಯಿತು. ಮೂವತ್ತರ ಹೊತ್ತಿಗೆ ನಾಲ್ಕು ಬೆರಳೂ ಊದಿದವು. "ಗಾಳಿ ಮಂಡಿಯಿಂದ ಇಳಿದು ಕೈಗೆ ಬಂದಿದೆ ಅಯ್ಯಾ, ಇನ್ನು ಬೆರಳ ತುದಿಯಿಂದ ಹೊರಗೆ ಹೋಗುತ್ತದೆ," ಎಂದೆ. ನಂಬಿದರು. ಮೂವತ್ತೆಂಟನೆಯ ದಿನ ಶಲ್ಯ ಎತ್ತಿಕೊಳ್ಳಲು ಹೋಗಿ, ಎತ್ತಲಾಗದೆ, ನನ್ನ ಕಡೆ ನೋಡಿದರು. ನಾನೇ ಎತ್ತಿ ಹೆಗಲಿಗೆ ಹಾಕಿದೆ. ಅವರ ಮುಷ್ಟಿ ಬಿಚ್ಚುತ್ತಿರಲಿಲ್ಲ. ನನ್ನ ನೋವು ಕೊನೆಗೂ ಅದರ ಒಡೆಯನನ್ನು ಸೇರಿತ್ತು. ಆ ದಿನ ನಾನು ಹೊಟ್ಟೆ ತುಂಬ ಉಂಡೆ.

ಇನ್ನು ಹತ್ತು ದಿನ. ನಲವತ್ತೆಂಟನೆಯ ದಿನ ಏನು ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡೆ, ಏಳು ವರ್ಷ ಬಾಯಿಗೆ ಬಾರದ ಕನ್ನಡದಲ್ಲಿ. ರಾಯರೇ, ನಾನು ಬಾರ್ಕೂರಿನ ಕಮಲಾಕರ, ನಿಮ್ಮ ರುಬ್ಬುವ ಭಟ್ಟ. ನಲವತ್ತೆಂಟು ದಿನ ನೀವು ಕುಡಿದದ್ದು ಅದೇ ಎರೆಹುಳದ ಕಷಾಯ. ನಿಮ್ಮ ಕೈಗೆ ಬಂದದ್ದು ನನ್ನ ಕೈಯ ಕಾಯಿಲೆ. ಈಗ ಪುರೋಹಿತರನ್ನು ನೀವು ಕರೆಸುತ್ತೀರೋ, ನಾನು ಕರೆಸಲೋ? ಬಾವಿಗೆ ಬಗ್ಗಿ ಈ ಮಾತುಗಳನ್ನು ಹೇಳಿ ಹೇಳಿ ನೋಡುತ್ತಿದ್ದೆ.

ನಲವತ್ತೆರಡನೆಯ ದಿನ ಲಿಯಾಂಗ್ ವೈದ್ಯರು ಬೇಗ ಬಂದುಬಿಟ್ಟರು. ರಾಯರು ಆಗಷ್ಟೇ ರುಬ್ಬಿ ಏಳುತ್ತಿದ್ದರು. ವೈದ್ಯರು ಅವರ ಎರಡು ಕೈಗಳನ್ನೂ ಹಿಡಿದು, ಬೆಳಕಿಗೆ ತಿರುಗಿಸಿ ನೋಡಿದರು. ರುಬ್ಬುಗಲ್ಲನ್ನು ನೋಡಿದರು. ನನ್ನನ್ನು ನೋಡಿದರು. ರಾಯರು ಹೋದ ಮೇಲೆ ನನ್ನನ್ನು ಒಳಗೆ ಕರೆದರು.

"ಈ ಮನುಷ್ಯನ ರೋಗ ಕಾಲಲ್ಲಿತ್ತು. ಕೈಗೆ ಕೊಟ್ಟವರು ಯಾರು?" ಎಂದರು ತಮಿಳಿನಲ್ಲಿ.

ನಾನು ಹೇಳಿದೆ. ಯಾರು, ಏನು, ಯಾಕೆ, ಎಲ್ಲ. ಹೇಳುವಾಗ ನನ್ನ ದನಿ ಏರಿತ್ತು. ಅವರು ಬೈಯಲಿಲ್ಲ. ಒಂದು ಸೆಳೆಖಾನೆ ಎಳೆದು, ಅದರೊಳಗೆ ನೋಡುತ್ತ, "ನನ್ನ ಮದ್ದಿನಿಂದ ಮಾಡಿದೆ," ಎಂದರು. ಅಷ್ಟೇ ಮಾತು. ಚರ್ಮ ಸುಲಿದಂತಾಯಿತು. ಆದರೂ ಒಳಗೊಳಗೇ ನಾನು ಎಣಿಸಿದ್ದು ಉಳಿದ ಆರು ದಿನಗಳನ್ನು.

ಮರುದಿನ ರಾಯರು ಬರಲಿಲ್ಲ. ಹನ್ನೊಂದು ಗಂಟೆಗೆ ಪೊಲೀಸಿನವನೊಬ್ಬ ಬಂದು ಲಿಯಾಂಗ್ ವೈದ್ಯರನ್ನು ಠಾಣೆಗೆ ಕರೆದ. ಅವತ್ತು ಸೋಮವಾರವಲ್ಲ. ಅಭ್ಯಾಸದ ಮೇಲೆ ಅವರು ಛತ್ರಿ ಕೈಗೆತ್ತಿಕೊಂಡರು. ನಾನೂ ಹಿಂದೆಯೇ ಹೋದೆ.

ಠಾಣೆಯಲ್ಲಿ ರಾಯರು ಕುರ್ಚಿಯಲ್ಲಿ ಕೂತಿದ್ದರು, ಎರಡು ಕೈಗಳೂ ತೊಡೆಯ ಮೇಲೆ ಅಂಗಾತ. ಬದರಿನಾಥ ಇನ್‌ಸ್ಪೆಕ್ಟರ ಮುಂದೆ ನಿಂತು ಕೂಗುತ್ತಿದ್ದ. ಮಾವನ ಕೈ ನೋಡಿ ಹೆದರಿ ಇಂಗ್ಲಿಷ್ ಡಾಕ್ಟರ ಬಳಿಗೆ ಕರೆದೊಯ್ದನಂತೆ. ವಾತದ ಮೈಯವರಿಗೆ ದಿನಾ ಕಲ್ಲು ತಿರುಗಿಸಲು ಹೇಳಿದ ಕಟುಕ ಯಾರು ಎಂದು ಆ ಡಾಕ್ಟರು ಕೇಳಿದರಂತೆ. "ಚೀನಾದವನು ಸಾರ್! ಬೇಕೆಂದೇ ಮಾಡಿದ್ದಾನೆ! ಇಂಥವರನ್ನು ಈ ಊರಿನಲ್ಲಿ ಇಟ್ಟುಕೊಳ್ಳಬಹುದಾ?"

ಇನ್‌ಸ್ಪೆಕ್ಟರು ಲಿಯಾಂಗ್ ವೈದ್ಯರನ್ನು ಕೇಳಿದರು. "ಕಲ್ಲು ರುಬ್ಬಲು ಹೇಳಿದ್ದು ಯಾರು?"

"ನಾನು," ಎಂದರು ವೈದ್ಯರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದನ್ನು ಕೇಳಿದ್ದೆ. ಇಲ್ಲಿ ಎಮ್ಮೆ ತಾನೇ ಬಂದು ಬೆನ್ನು ಒಡ್ಡಿ ನಿಂತಿತ್ತು. ಇನ್‌ಸ್ಪೆಕ್ಟರು ಪೆನ್ನು ತೆಗೆದು ಬರೆಯತೊಡಗಿದರು. ಆ ಕಾಗದ ಮೇಲಕ್ಕೆ ಹೋದರೆ ಲಿಯಾಂಗ್ ವೈದ್ಯರನ್ನು ಹಡಗು ಹತ್ತಿಸುತ್ತಾರೆ. ಎಲ್ಲಿಗೆ? ಪಿನಾಂಗಿನಲ್ಲಿ ಅವರಿಗೆ ಈಗ ಯಾರೂ ಇರಲಿಲ್ಲ.

"ಅವರಲ್ಲ ಸಾರ್. ನಾನು," ಎಂದೆ.

ಇನ್‌ಸ್ಪೆಕ್ಟರು ತಲೆ ಎತ್ತಿದರು. ರಾಯರೂ ಎತ್ತಿದರು. ನಾನು ಕಾದಿದ್ದ ಗಳಿಗೆ ಅದೇ. ನನ್ನ ಹಗೆ ಎದುರಿಗೆ ಕೂತಿದ್ದಾರೆ, ಕೈ ಬಿಚ್ಚಲಾರದೆ ಕೂತಿದ್ದಾರೆ, ನನ್ನ ಮುಖವನ್ನೇ ನೋಡುತ್ತಿದ್ದಾರೆ. ಕನ್ನಡ ನನ್ನ ನಾಲಿಗೆಯ ತುದಿಗೆ ಬಂದು ನಿಂತಿತ್ತು.

"ಬೇಕೆಂದೇ ಮಾಡಿದೆಯಾ?" ಎಂದರು ಇನ್‌ಸ್ಪೆಕ್ಟರು.

ಹೌದು ಅಂದರೆ ನನ್ನ ಹೆಸರು ಹೇಳಬಹುದು, ಊರು ಹೇಳಬಹುದು, ಒದ್ದೆ ಪಂಚೆಯ ಕಥೆ ಹೇಳಬಹುದು. ನನ್ನನ್ನು ಜೈಲಿಗೆ ಹಾಕಲಿ, ಅದಕ್ಕೆ ಹೆದರುವವನು ನಾನಲ್ಲ. ಆದರೆ ಆ ಕಾಗದದಲ್ಲಿ ಬೀಳುವ ಮಾತು ಬೇರೆಯೇ. ಚೀನಾದವನ ಅಂಗಡಿಯಲ್ಲಿ, ಚೀನಾದವನ ಆಳು, ಬೇಕೆಂದೇ ಒಬ್ಬ ದೊಡ್ಡ ಮನುಷ್ಯನಿಗೆ ಹುಳು ಕುಡಿಸಿ ಕೈ ಮುರಿದ. ಅರುವತ್ತೆರಡರ ಡಾಂಬರು ಬೋರ್ಡಿನಿಂದ ಇನ್ನೂ ಪೂರ್ತಿ ಹೋಗಿರಲಿಲ್ಲ. ಲಿಯಾಂಗ್ ವೈದ್ಯರು ನನ್ನ ಕಡೆ ನೋಡಲೂ ಇಲ್ಲ, ಛತ್ರಿಯ ಹಿಡಿಯನ್ನು ನೋಡುತ್ತಿದ್ದರು.

"ತಿಳಿಯದೆ ಮಾಡಿದೆ ಸಾರ್," ಎಂದೆ ತಮಿಳಿನಲ್ಲಿ. "ಪಥ್ಯ ಹೆಚ್ಚಿದಷ್ಟೂ ಗುಣ ಹೆಚ್ಚು ಅಂದುಕೊಂಡು ನಾನೇ ಸೇರಿಸಿ ಹೇಳಿದೆ. ವೈದ್ಯರು ಬೆಳಿಗ್ಗೆ ಇರುವುದೇ ಇಲ್ಲ. ಅವರಿಗೆ ಏನೂ ಗೊತ್ತಿಲ್ಲ."

"ನಿನ್ನ ಹೆಸರು?"

"ಮುತ್ತು," ಎಂದೆ.

ಬದರಿ ಮತ್ತೆ ಕೂಗಲು ಬಾಯಿ ತೆರೆದ. ರಾಯರು ತಡೆದರು. ಊದಿದ ಕೈಯನ್ನು ಕಷ್ಟಪಟ್ಟು ಎತ್ತಿ, ಇನ್‌ಸ್ಪೆಕ್ಟರಿಗೆ ತಮಿಳಿನಲ್ಲಿ, "ಬಿಟ್ಟುಬಿಡಿ ಸಾರ್. ಪಾಪದವನು. ಒಳ್ಳೆಯದಾಗಲಿ ಅಂತಲೇ ಹೇಳಿದ್ದಾನೆ. ಮಂಡಿ ಗುಣವಾದದ್ದೂ ಸುಳ್ಳಲ್ಲವಲ್ಲ. ನಾನು ಕ್ಷಮಿಸಿದ್ದೇನೆ, ದೂರು ಬೇಡ," ಎಂದರು. ಆಮೇಲೆ ಅಳಿಯನ ಕಡೆ ತಿರುಗಿ, ನನಗೆ ತಿಳಿಯದ ಭಾಷೆ ಎಂದುಕೊಂಡು, ಕನ್ನಡದಲ್ಲಿ ಹೇಳಿದರು: "ಹೋಗ್ಲಿ ಬಿಡು ಬದರೀ. ನಲವತ್ತು ವರ್ಷ ಹೋಟ್ಲು ನಡೆಸಿದೆ. ಒಬ್ಬ ಬಡವನ ಹೊಟ್ಟೆ ಮೇಲೆ ಹೊಡೆದವನಲ್ಲ ನಾನು. ಈ ವಯಸ್ಸಿಗೆ ಆ ಪಾಪ ಎಂತಕ್ಕೆ ಕಟ್ಟಿಕೊಳ್ಳುದು?"

ಅವರು ಸುಳ್ಳು ಹೇಳಲಿಲ್ಲ, ಅದೇ ನನ್ನನ್ನು ಕೊಂದದ್ದು. ಆ ಮಾತನ್ನು ಅವರು ನಂಬಿದ್ದರು. ವಿಮಲಾ ಅವರ ಲೆಕ್ಕದಲ್ಲಿಲ್ಲ, ಒಂಬತ್ತು ಕಾಗದ ಅವರ ಲೆಕ್ಕದಲ್ಲಿಲ್ಲ. ನಾನೂ ಇಲ್ಲ.

ಇನ್‌ಸ್ಪೆಕ್ಟರು ಕಾಗದ ಹರಿದು ಬುಟ್ಟಿಗೆ ಹಾಕಿದರು. "ಅಯ್ಯಾ ಅವರ ಕಾಲಿಗೆ ಬೀಳೋ, ದೊಡ್ಡ ಮನಸ್ಸಿನವರು," ಎಂದು ಗದರಿದರು.

ಬಿದ್ದೆ. ರಾಯರು ನನ್ನ ತಲೆಯ ಮೇಲೆ ಕೈಯಿಟ್ಟು, ಚೆನ್ನಾಗಿರು ತಂಬಿ ಎಂದರು. ಬೆರಳು ಬಿಚ್ಚಲಾಗದೆ ಮುಷ್ಟಿಯನ್ನೇ ಇಟ್ಟರು. ಬಾಯಿಪಾಠ ಮಾಡಿದ ಒಂದೊಂದು ಮಾತೂ ಗಂಟಲಲ್ಲಿ ಹಾಗೆಯೇ ಇತ್ತು. ನಾನು ತಮಿಳಿನಲ್ಲಿ ಉಪಕಾರ ಹೇಳಿದೆ, "ರೊಂಬ ನನ್ರಿ ಅಯ್ಯಾ."

ಲಿಯಾಂಗ್ ವೈದ್ಯರು ಅದಾದ ಮೇಲೆ ಹದಿಮೂರು ವರ್ಷ ಅದೇ ಓಣಿಯಲ್ಲಿ ಮದ್ದು ಕೊಟ್ಟರು. ರಾಯರು ಎರಡು ವರ್ಷಕ್ಕೆ ತೀರಿಕೊಂಡರು. ಕೊನೆಯವರೆಗೂ ಅವರ ಬೆರಳಿನ ಮದ್ದು ನಮ್ಮಲ್ಲಿಂದಲೇ ಹೋಗುತ್ತಿತ್ತು. ಅದನ್ನು ಅರೆಯುತ್ತಿದ್ದವನು ನಾನೇ. ಹುಳುವನ್ನು ವೈದ್ಯರು ತಾವೇ ಆರಿಸಿ ತೆಗೆಯುತ್ತಿದ್ದರು. ರಾಯರು ನನ್ನನ್ನು ಹೋಟೆಲಿನಿಂದ ಹೊರಗೆ ಹಾಕಿದ್ದನ್ನು ಯಾವತ್ತಾದರೂ ಮರೆತೇನು. ಕ್ಷಮಿಸಿದ್ದನ್ನು ಮಾತ್ರ ನಾನು ಸಾಯುವವರೆಗೂ ಕ್ಷಮಿಸುವುದಿಲ್ಲ.